ಬೆನ್ನ ಮೇಲಿನ ಕೆಮ್ಮಣ್ಣು

ನಮ್ಮ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಮೂರು ಪ್ರಶ್ನೆ ಕೇಳುತ್ತೇವೆ. ನಿಮ್ಮ ಹೆಸರೇನು, ಗಂಡನ ಹೆಸರೇನು, ಇವತ್ತು ನಿಮಗೆ ಯಾವ ಆಪರೇಷನ್. ಉತ್ತರ ರೋಗಿಯ ಬಾಯಿಂದಲೇ ಬರಬೇಕು, ಕೇಸ್‌ಶೀಟ್‌ನಲ್ಲಿದೆ ಎಂದು ಬಿಡುವ ಹಾಗಿಲ್ಲ. ಒಂದೇ ಹೆಸರಿನ ಇಬ್ಬರು ಒಂದೇ ದಿನ ಪಟ್ಟಿಯಲ್ಲಿ ಇರುವುದು ನಮ್ಮ ಕಡೆ ಅಪರೂಪವಲ್ಲ. ತರೀಕೆರೆಯ ಈ ಆಸ್ಪತ್ರೆಯಲ್ಲಿ ಹದಿನಾರು ವರ್ಷದಿಂದ ಆ ಪ್ರಶ್ನೆಗಳನ್ನು ಕೇಳುವವಳು ನಾನು. ಸುತ್ತಲಿನ ಹಳ್ಳಿಯ ಎಷ್ಟೋ ಹೆಂಗಸರು ಎರಡನೆಯ ಪ್ರಶ್ನೆಗೆ ಬಂದು ನಿಂತುಬಿಡುತ್ತಾರೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿ ಅವರಿಗೆ ಅಭ್ಯಾಸವಿಲ್ಲ.

ಆ ಗುರುವಾರ ಟೇಬಲ್ಲಿಗೆ ಬರಬೇಕಿದ್ದವಳೂ ಅಂಥವಳೇ. ತಲೆ ತಗ್ಗಿಸಿ, "ನೀವೇ ಓದ್ಕಳಿ ಅಕ್ಕಾ, ಬರ್ದಿರ್ತಾರಲ್ಲ" ಎಂದಳು. ಬೇರೆ ದಿನವಾಗಿದ್ದರೆ ನಗಿಸಿ ಹೇಳಿಸುತ್ತಿದ್ದೆ. ಅವತ್ತು ರೇಗಿದೆ. ಗಂಡನ ಹೆಸರು ಹೇಳಲು ಇಷ್ಟು ನಾಚುವವಳು ಆಸ್ಪತ್ರೆಗೆ ಯಾಕೆ ಬಂದೆ ಎಂದುಬಿಟ್ಟೆ. ಅವಳು ಹೆದರಿ ಪಿಸುಗುಟ್ಟಿದಳು. ನನ್ನ ಸಿಟ್ಟಿಗೆ ಆ ಪಾಪದವಳು ಕಾರಣಳಾಗಿರಲಿಲ್ಲ. ಎರಡು ದಿನದಿಂದ ಮೈಕೈ ನೋವು, ಜ್ವರ, ತೊಡೆಸಂದಿಯಲ್ಲಿ ಗಂಟು, ಮೂತ್ರ ಮಾಡುವಾಗ ಉರಿ. ಆ ಬೆಳಗ್ಗೆ ಅಜ್ಜಂಪುರದ ಮನೆಯ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಕನ್ನಡಿ ಹಿಡಿದು ನೋಡಿಕೊಂಡಿದ್ದೆ.

ಗುಪ್ತಾಂಗದ ಎಡಗಡೆ ಸಣ್ಣ ನೀರುಗುಳ್ಳೆಗಳ ಗುಂಪು. ಕೆಲವು ಒಡೆದು ಹುಣ್ಣಾಗಿದ್ದವು. ಬೇರೆಯವರಿಗಾದರೆ ನೋಡಿದ ತಕ್ಷಣ ಹೆಸರು ಹೇಳುತ್ತಿದ್ದೆ. ನನ್ನದಕ್ಕೆ ಹೆಸರು ಹೇಳಿಕೊಳ್ಳಲು ಬಸ್ಸು ಹತ್ತುವ ತನಕ ಬೇಕಾಯಿತು. ಜನನಾಂಗದ ಹರ್ಪಿಸ್. ಮೈಗೆ ಮೈ ತಾಗಿ ಬರುವ ಕಾಯಿಲೆ.

ನನ್ನ ಗಂಡ ತೀರಿಕೊಂಡು ನಾಲ್ಕು ವರ್ಷ. ಅಜ್ಜಂಪುರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದರು. ಒಂದು ದಿನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತರು, ಅಷ್ಟೇ. ಮಕ್ಕಳಿಲ್ಲ. ನಾನೂ ಅತ್ತೆಯೂ ಒಂದು ಬಾಡಿಗೆ ಮನೆಯಲ್ಲಿದ್ದೇವೆ. ಅವರಾದ ಮೇಲೆ ನನ್ನ ಹತ್ತಿರ ಯಾರೂ ಬಂದಿಲ್ಲ. ಇದು ನನಗೆ ಗೊತ್ತು. ಆದರೆ ನಾನು ಹೇಳಿದರೆ ಯಾರು ನಂಬುತ್ತಾರೆ? ನಾನೇ ಬೇರೆಯವರ ವಿಷಯದಲ್ಲಿ ನಂಬಿರಲಿಲ್ಲ. ಇಂಥದೇ ಹುಣ್ಣು ತಂದಿದ್ದ ಒಬ್ಬ ವಿಧವೆಯ ಬಗ್ಗೆ ಚಹಾ ಕುಡಿಯುತ್ತಾ ನಾವು ಸಿಸ್ಟರುಗಳು ಏನೇನು ಮಾತಾಡಿಕೊಂಡಿದ್ದೆವು, ಅದರಲ್ಲಿ ನನ್ನ ಪಾಲೆಷ್ಟು ಎಂಬುದೆಲ್ಲ ಅವತ್ತು ಬಸ್ಸಿನಲ್ಲಿ ಚೆನ್ನಾಗಿ ನೆನಪಾಯಿತು. ಸೀಟು ಖಾಲಿಯಿದ್ದರೂ ತರೀಕೆರೆಯವರೆಗೆ ನಿಂತೇ ಹೋದೆ. ಕಂಡಕ್ಟರ್ ಎರಡು ಸಲ ಕೂತ್ಕಳಿ ಮೇಡಂ ಎಂದ.

ಇನ್ನೊಂದು ತಾಪತ್ರಯವೆಂದರೆ ಮುಂದಿನ ಗುರುವಾರ ಅದೇ ಟೇಬಲ್ಲಿನ ಮೇಲೆ ನಾನೇ ಮಲಗಬೇಕಿತ್ತು. ಗರ್ಭಕೋಶದಲ್ಲಿ ಗಡ್ಡೆ. ವರ್ಷದಿಂದ ತಿಂಗಳು ತಿಂಗಳೂ ರಕ್ತ ಹರಿದು ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಕಬ್ಬಿಣಾಂಶದ ಡ್ರಿಪ್ ಹಾಕಿಸಿಕೊಂಡು ಹತ್ತೂವರೆಗೆ ತಂದಿದ್ದೆವು. ನಮ್ಮ ಪ್ರಸೂತಿ ಡಾಕ್ಟರ್ ಮೇಡಂ ಆ ಗುರುವಾರ ಬಿಟ್ಟರೆ ಮೂರು ವಾರ ಊರಲ್ಲಿರುವುದಿಲ್ಲ. ಮುಂದೆ ಹೋದರೆ ನಡುವೆ ಇನ್ನೊಂದು ಮುಟ್ಟು, ಕೂಡಿಸಿದ ರಕ್ತವೆಲ್ಲ ಮತ್ತೆ ನೀರಿನ ಪಾಲು. ಮುಂದೆ ಹಾಕಿ ಎಂದು ಕೇಳಿದರೆ ಯಾಕೆಂದು ಹೇಳಬೇಕು. ಸುಮ್ಮನಿದ್ದರೆ ಹಿಂದಿನ ದಿನ ಕೂದಲು ತೆಗೆದು ಶುಚಿ ಮಾಡಲು ಆಯಾ ಬರುತ್ತಾಳೆ. ಆಮೇಲೆ ಮೂತ್ರದ ನಳಿಗೆ ಹಾಕಲು ನನ್ನ ಜೊತೆಯ ಸಿಸ್ಟರೇ ಬರುತ್ತಾಳೆ. ನಾನು ನೂರಾರು ಹೆಂಗಸರಿಗೆ ಕಾಲು ಮಡಚಿ, ನಾಚಿಕೊಳ್ಳಬೇಡಿ ಎಂದು ಹೇಳಿದ ಜಾಗ ಅದು.

ಲೆಕ್ಕ ಹಾಕಿದೆ. ಏಳು ದಿನವಿದೆ. ಅಸೈಕ್ಲೋವಿರ್ ಮಾತ್ರೆ ನಾನ್ನೂರು ಮಿಲಿಗ್ರಾಮಿನದು ದಿನಕ್ಕೆ ಮೂರು ಸಲ ಇವತ್ತೇ ಶುರು ಮಾಡಿದರೆ, ದೇವರು ಕಣ್ಣುಬಿಟ್ಟರೆ, ಬುಧವಾರದ ಹೊತ್ತಿಗೆ ಒಣಗಬಹುದು. ಯಾರಿಗೂ ಹೇಳದೆ ಪಾರಾಗಬಹುದು. ಡಾಕ್ಟರಿಗೆ ತೋರಿಸದೆ ಮಾತ್ರೆ ನುಂಗಬೇಡಿ ಎಂದು ಜನ್ಮವೆಲ್ಲ ಹೇಳಿದವಳ ಯೋಜನೆ ಇದು.

ತರೀಕೆರೆಯಲ್ಲಿ ಎಲ್ಲ ಮೆಡಿಕಲ್ ಶಾಪಿನವರಿಗೂ ನಾನು ಗೊತ್ತು, ಅಜ್ಜಂಪುರದಲ್ಲಂತೂ ಕೇಳುವುದೇ ಬೇಡ. ಡ್ಯೂಟಿ ಮುಗಿಸಿ ಬೀರೂರು ದಾಟಿ ಕಡೂರಿಗೆ ಹೋದೆ. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಹೊಸದಾಗಿ ಬಣ್ಣ ಹೊಡೆದ ಒಂದು ಅಂಗಡಿ ನೋಡಿ ಹತ್ತಿದೆ. ಒಳಗಿಂದ ತಲೆ ಎತ್ತಿದವರು ಅತ್ತೆಯ ತವರಿನ ಕಡೆಯ ನೆಂಟರು. ಮುಂಚೆ ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದವರು ಕಡೂರಿಗೆ ಬಂದದ್ದು ನನಗೆ ಗೊತ್ತಿರಲಿಲ್ಲ. ನನ್ನ ಹಣೆಬರಹವೇ ಹಾಗೆ. ಇಳಿದು ಓಡುವಂತಿರಲಿಲ್ಲ. ಅಸೈಕ್ಲೋವಿರ್ ಬೇಕಿತ್ತು ಎಂದೆ.

"ಯಾರ್ಗೆ ಸಿಸ್ಟರ್? ನಿಮ್ಮನೇಲಿ ಮತ್ತೆ ಬಂತಾ ಸರ್ಪಸುತ್ತು?"

ಮತ್ತೆ ಎಂದರೇನೆಂದು ಕೇಳುವಷ್ಟು ತಲೆ ಓಡಲಿಲ್ಲ. ಅವರು ಕೊಟ್ಟ ಪದವನ್ನು ಬಾಚಿಕೊಂಡೆ. ಸರ್ಪಸುತ್ತಿಗೂ ಇಂಗ್ಲಿಷಿನಲ್ಲಿ ಹರ್ಪಿಸ್ ಎಂದೇ ಹೆಸರು, ಕೊನೆಗೆ ಇನ್ನೊಂದು ಪದ ಸೇರಿಸುತ್ತಾರೆ ಅಷ್ಟೆ. ಮಾತ್ರೆಯೂ ಅದೇ. ಆದರೆ ಅದು ಬೇರೆ ಕಾಯಿಲೆ, ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬು ಮೈಯೊಳಗೆ ಉಳಿದು ಮತ್ತೆ ಏಳುವುದು. ಅದರಲ್ಲಿ ನಾಚಿಕೆಯ ಮಾತಿಲ್ಲ. ಹೌದು, ನನಗೇ, ಬೆನ್ನಿಗೆ, ಸೊಂಟದ ಹತ್ತಿರ ಎಂದೆ. ನಾನ್ನೂರರದು ಕೊಡಿ ಎಂದಾಗ ಅವರು ನಕ್ಕರು. ಸರ್ಪಸುತ್ತಿಗೆ ಎಂಟುನೂರರದು, ದಿನಕ್ಕೆ ಐದು ಸಲ, ನಿಮಗೆ ನಾನು ಹೇಳಿಕೊಡಬೇಕೇ ಎಂದರು. ಅವರು ಹೇಳಿದ್ದು ಸರಿಯೇ. ನನಗೆ ಅರ್ಧ ಸಾಕು ಎನ್ನಲು ಕಾರಣವಿರಲಿಲ್ಲ. ಎಂಟುನೂರರದನ್ನೇ ತಂದು ಬಚ್ಚಲಲ್ಲಿ ಕುಳಿತು ಬ್ಲೇಡಿನಿಂದ ಒಂದೊಂದನ್ನೂ ಎರಡು ಹೋಳು ಮಾಡಿದೆ.

ನಾನು ಮನೆ ಮುಟ್ಟುವುದರೊಳಗೆ ಅವರು ಅತ್ತೆಗೆ ಫೋನ್ ಮಾಡಿದ್ದರು, ಕಾಳಜಿಯಿಂದಲೇ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ನಂಜಾಗುತ್ತದೆಂದು ಬದನೆಕಾಯಿ ಹುಳಿಯನ್ನು ಆಗಲೇ ಪಕ್ಕದ ಮನೆಗೆ ಸಾಗಿಸಿದ್ದರು. ತೋರಿಸು ಎಂದರು. ಬಟ್ಟೆ ಹಾಕಿ ಕಟ್ಟಿದ್ದೇನೆ ಎಂದು ಇನ್ನೊಂದು ಸುಳ್ಳು ಹೇಳಿದೆ.

ಶುಕ್ರವಾರ, ಶನಿವಾರ ಕೆಲಸಕ್ಕೆ ಹೋದೆ. ರೋಗಿಗಳಿಗೆ ನನ್ನಿಂದ ಅಪಾಯವಿಲ್ಲವೆಂದು ಗೊತ್ತಿದ್ದರೂ ಕೈಯನ್ನು ಎರಡೆರಡು ಸಲ ಉಜ್ಜಿದೆ. ಮೂತ್ರ ಮಾಡುವಾಗ ಚೊಂಬಿನಿಂದ ನೀರು ಸುರಿದುಕೊಂಡರೆ ಉರಿ ಕಮ್ಮಿ. ಬೆಳಗ್ಗೆ ಸಂಜೆ ಉಗುರುಬೆಚ್ಚನೆಯ ಉಪ್ಪುನೀರಿನ ಟಬ್ಬಿನಲ್ಲಿ ಹತ್ತು ನಿಮಿಷ ಕೂರುವುದು, ಮೆತ್ತಗೆ ಒತ್ತಿ ಒರೆಸುವುದು, ಮರಗಟ್ಟಿಸುವ ಜೆಲ್ಲಿ ಹಚ್ಚುವುದು. ಬೇರೆಯವರಿಗೆ ಹೇಳಿಕೊಟ್ಟ ಕ್ರಮವೇ. ಮಾಡಿಕೊಳ್ಳುವಾಗ ಎಷ್ಟು ಒಂಟಿ ಎನಿಸುತ್ತದೆ ಎಂಬುದನ್ನು ಮಾತ್ರ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಟಬ್ಬಿನಲ್ಲಿ ಕೂತು ಗಂಡನ ಜೊತೆ ಜಗಳವಾಡುತ್ತಿದ್ದೆ. ಸಾಮಾನು ತರಲು ದಾವಣಗೆರೆಗೆ ಹೋದರೆ ಎರಡು ದಿನ ಉಳಿಯುತ್ತಿದ್ದಿರಲ್ಲ, ಎಲ್ಲಿ ಉಳಿಯುತ್ತಿದ್ದಿರಿ? ಬದುಕಿದ್ದಾಗ ಅದನ್ನು ಕೇಳಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ. ಈಗ ಕೇಳಿದರೆ ಎದುರು ಗೋಡೆಯಲ್ಲಿ ಸೋಪಿನ ಡಬ್ಬಿ ಬಿಟ್ಟರೆ ಯಾರಿಲ್ಲ. ಜೊತೆಗೆ ಒಂದು ಅನುಮಾನವೂ ಕಾಡುತ್ತಿತ್ತು. ಅವರಿಂದ ಅಂಟಿದ್ದು ನಾಲ್ಕು ವರ್ಷ ಮೈಯಲ್ಲಿ ಸುಮ್ಮನಿದ್ದು ಈಗ ಬರುತ್ತದೆಯೇ? ಬರಬಹುದೆಂದು ಓದಿದ್ದೆ. ಓದಿದ್ದನ್ನು ನಂಬುವುದು ನನ್ನ ವಿಷಯದಲ್ಲಿ ಕಷ್ಟವಾಯಿತು.

ಭಾನುವಾರ ಬೆಳಗ್ಗೆ ಅತ್ತೆ ಕೇಳಲಿಲ್ಲ. ಊರ ಅಂಚಿನಲ್ಲಿ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವ ಕುಂಬಾರರ ಅಜ್ಜಿಯೊಬ್ಬರಿದ್ದಾರೆ. ಗರಿಕೆ ರಸದಲ್ಲಿ ಕೆಮ್ಮಣ್ಣು ಅರೆದು ಗುಳ್ಳೆಯ ಸುತ್ತ ಗೆರೆ ಎಳೆಯುತ್ತಾರೆ. ಹಾವಿನ ತಲೆ ಬಾಲ ಕೂಡದ ಹಾಗೆ ತಡೆಯುವುದು ಎಂಬ ನಂಬಿಕೆ. ನಾನು ಆಸ್ಪತ್ರೆಯವಳು, ಇದೆಲ್ಲ ಬೇಡ ಎಂದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಇರುವವಳು ನೀನೊಬ್ಬಳು ಎಂದರು. ಬರಿಹೊಟ್ಟೆಯಲ್ಲಿ ಹೊರಟೆ.

ಅತ್ತೆಯನ್ನು ಜಗುಲಿಯಲ್ಲಿ ಕೂರಿಸಿ ಅಜ್ಜಿ ನನ್ನನ್ನು ಒಳಗೆ ಕರೆದರು. ಬೋರಲು ಮಲಗಿದೆ. ಅಜ್ಜಿ ಸೀರೆ ಸಡಿಲಿಸಿ ಸೊಂಟ ನೋಡಿದರು. ಒಂದು ಗುಳ್ಳೆಯಿಲ್ಲದ ಬೋಳು ಬೆನ್ನು. ಹೆಬ್ಬೆಟ್ಟಿನಿಂದ ಅಲ್ಲಲ್ಲಿ ಒತ್ತಿ, "ಎಲ್ಲೈತೆ ಕಣವ್ವ?" ಎಂದು ಮೆಲ್ಲಗೆ ಕೇಳಿದರು. ನಾನು ಮುಖ ಚಾಪೆಗೆ ಒತ್ತಿಕೊಂಡೆ. ಈಗ ಎದ್ದು ಅತ್ತೆಯನ್ನು ಕರೆಯುತ್ತಾರೆ, ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆಮೇಲೆ ಬಟ್ಟಲು ಎಳೆದುಕೊಂಡ ಸದ್ದಾಯಿತು. ಜಗುಲಿಗೆ ಕೇಳುವ ಹಾಗೆ, ಜೋರಾಗೇ ಎದ್ದಿದೆ, ಬರೆಯುತ್ತೇನೆ ಎಂದರು. ತಣ್ಣನೆಯ ಕೆಮ್ಮಣ್ಣು ಸೊಂಟದಿಂದ ಬೆನ್ನುಹುರಿಯ ಮೇಲೆ ಹಾದು ಇನ್ನೊಂದು ಬದಿಗೆ ಹೋಯಿತು. ಮುಗಿಸಿ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಬೆನ್ನು ಅಂತ ಬರೋರ್ಗೆಲ್ಲಾ ಬೆನ್ನಿಗೇ ಬಂದಿರಲ್ಲ ಕಣವ್ವ. ನೋವಿರೋ ಕಡೀಕೆ ಇದ್ನ ಹಚ್ಕಬ್ಯಾಡ, ಉರೀತೈತೆ. ಡಾಕ್ಟ್ರುಗೆ ತೋರ್ಸು."

ಡಾಕ್ಟರಿಗೆ ತೋರಿಸು ಎಂದು ಒಬ್ಬ ನರ್ಸಿಗೆ ಹೇಳಲು ಕೆಮ್ಮಣ್ಣಿನ ಅಜ್ಜಿಯೇ ಬೇಕಾಯಿತು. ಆ ವಾರದಲ್ಲಿ ಅಳು ಬಂದದ್ದು ಅಲ್ಲೇ. ಮೂರು ದಿನ ಬೆನ್ನಿಗೆ ನೀರು ತಾಗಿಸಬಾರದು ಎಂದು ಹೊರಗೆ ಬಂದು ಹೇಳಿದರು, ಅತ್ತೆ ಚಾಚೂ ತಪ್ಪದೆ ನಡೆಸಿದರು. ನಾನು ಬಚ್ಚಲಿಂದ ಬಂದರೆ ಬೆನ್ನು ತಿರುಗಿಸಿ ನೋಡುತ್ತಿದ್ದರು.

ಹಾಗಾಗಿ ಮಂಗಳವಾರ ಅನಸ್ತೇಷಿಯಾ ಡಾಕ್ಟರ ತಪಾಸಣೆಗೆ ಕೆಂಪು ಬೆನ್ನು ಹೊತ್ತುಕೊಂಡೇ ಹೋದೆ. ಆಪರೇಷನ್ನಿಗೆ ಎರಡು ದಿನ ಮುಂಚೆ ಅವರು ಎದೆ, ಬಾಯಿ, ಬೆನ್ನು ನೋಡುತ್ತಾರೆ. ಸೊಂಟದ ಮೂಳೆಗಳ ನಡುವೆ ಸೂಜಿ ಹಾಕಿ ಕೆಳಗಿನ ಮೈ ಮರಗಟ್ಟಿಸುವುದೆಂದು ಗೊತ್ತಾಗಿತ್ತು. ಹತ್ತು ವರ್ಷ ಜೊತೆಯಲ್ಲಿ ಕೆಲಸ ಮಾಡಿದವರು. ಬೆನ್ನು ನೋಡಿದವರೇ ಹಿಂದೆ ಸರಿದರು. ಸರ್ಪಸುತ್ತೇ ಎಂದು ಕೇಳಿದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಗುಳ್ಳೆ ಇರುವ ಜಾಗದಲ್ಲಿ ಸೂಜಿ ಹಾಕುವುದಕ್ಕಾಗುವುದಿಲ್ಲ, ಗುರುವಾರವೇ ಆಗಬೇಕಿದ್ದರೆ ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಬೇಕಾಗುತ್ತದೆ, ಮೇಡಂ ಹತ್ತಿರ ಮಾತಾಡುತ್ತೇನೆ ಎಂದು ಹೇಳುತ್ತಾ ಕೇಸ್‌ಶೀಟಿನಲ್ಲಿ ಬರೆಯತೊಡಗಿದರು.

ದಾರಿ ತೆರೆದೇ ಇತ್ತು. ಸುಮ್ಮನಿದ್ದಿದ್ದರೆ ಗುರುವಾರ ಆಪರೇಷನ್ ಆದರೂ ಆಗುತ್ತಿತ್ತು. ನಾಳೆ ಆಯಾಳಿಗೆ ಕೂದಲು ನಾನೇ ತೆಗೆದುಕೊಂಡೆ ಎನ್ನಬಹುದಿತ್ತು. ಕೆಳಗಿನ ಹುಣ್ಣು ಅರ್ಧ ಮಾತ್ರ ಒಣಗಿತ್ತು, ಆದರೂ ಎರಡು ದಿನವಿದೆ ಎಂದು ಒಳಗೊಳಗೇ ಚೌಕಾಸಿ ನಡೆದಿತ್ತು. ಅಷ್ಟರಲ್ಲಿ ಅವರು ಬರೆಯುವುದು ತಲೆಕೆಳಗಾಗಿ ನನಗೆ ಕಾಣಿಸಿತು. ಬೆನ್ನಿನ ಕೆಳಭಾಗದಲ್ಲಿ ಸರ್ಪಸುತ್ತು. ನನ್ನ ಹೆಸರಿನ ಕೆಳಗೆ, ನನ್ನ ಕೇಸ್‌ಶೀಟಿನಲ್ಲಿ. ಹದಿನಾರು ವರ್ಷದಲ್ಲಿ ನಾನು ಆಪರೇಷನ್ನಿನಲ್ಲಿ ರಕ್ತ ಒರೆಸುವ ಬಟ್ಟೆಯ ಎಣಿಕೆ ಒಂದು ಹೆಚ್ಚುಕಮ್ಮಿ ಬರೆದವಳಲ್ಲ. ಎಣಿಕೆ ಸಿಗುವವರೆಗೆ ಹೊಟ್ಟೆ ಹೊಲಿಯಬೇಡಿ ಎಂದು ಡಾಕ್ಟರುಗಳಿಗೇ ಅಡ್ಡ ನಿಂತವಳು. ಆ ಸುಳ್ಳನ್ನು ನಂಬಿ ಅವರು ಔಷಧಿಯ ಲೆಕ್ಕ ಹಾಕುತ್ತಾರೆ, ಮೇಡಂ ನಳಿಗೆ ಹಾಕಿಸುತ್ತಾರೆ, ಹಸಿ ಹುಣ್ಣಿನ ಪಕ್ಕದಲ್ಲೇ.

"ಸರ್, ಅದನ್ನ ಹೊಡೆದುಹಾಕಿ" ಎಂದೆ. "ಬೆನ್ನಲ್ಲಿ ಏನೂ ಇಲ್ಲ. ಬರೀ ಕೆಮ್ಮಣ್ಣು. ಇರೋದು ಬೇರೆ ಕಡೆ."

ಅವರು ಅರ್ಥ ಮಾಡಿಕೊಂಡರು. ಪೆನ್ನಿನ ಕ್ಯಾಪು ಹಾಕಿ, ಕಿಟಕಿಯ ಕಡೆ ನೋಡಿ, ಮೇಡಂಗೆ ನಾನು ಹೇಳಲೇ, ನೀವೇ ಹೇಳುತ್ತೀರಾ ಎಂದು ಮಾತ್ರ ಕೇಳಿದರು. ನಾನೇ ಹೇಳುತ್ತೇನೆ ಎಂದೆ. ಬರೆದಿದ್ದ ಸಾಲಿನ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು. ತಪ್ಪು ಬರೆದಾಗ ಹಾಗೇ ಮಾಡಬೇಕೆಂದು ಹೊಸಬರಿಗೆ ನಾನೂ ಹೇಳಿಕೊಡುತ್ತೇನೆ.

ಮೇಡಂ ಪರದೆ ಎಳೆದು ತಾವೇ ನೋಡಿದರು, ಜೊತೆಗೆ ಯಾರನ್ನೂ ಕರೆಯಲಿಲ್ಲ. ಗುರುವಾರ ಆಗುವುದಿಲ್ಲ ಎಂದರು. ಹಸಿ ಹುಣ್ಣಿರುವಾಗ, ವೈರಸ್ ಮೈಯಲ್ಲಿ ಎದ್ದಿರುವಾಗ, ಅವಸರವಿಲ್ಲದ ಆಪರೇಷನ್ ಮಾಡುವುದಿಲ್ಲ. ಬೆನ್ನಿಗೆ ಸೂಜಿಯೂ ಈಗ ಬೇಡ. ಮಾತ್ರೆ ಹತ್ತು ದಿನ ಪೂರ್ತಿ ಮಾಡಬೇಕು, ಹೊಸ ಚರ್ಮ ಬರಬೇಕು. ಆಪರೇಷನ್ನಿನ ಆಯಾಸಕ್ಕೆ ಮತ್ತೆ ಏಳದ ಹಾಗೆ ಅದಕ್ಕೆ ಕೆಲವು ದಿನ ಮುಂಚೆಯೇ ಮಾತ್ರೆ ಮತ್ತೆ ಶುರು ಮಾಡಬೇಕು. ನಡುವಿನ ಮುಟ್ಟಿಗೆ ರಕ್ತ ಹೋಗುವುದನ್ನು ತಡೆಯುವ ಮಾತ್ರೆ ಬರೆದರು. ಏಡ್ಸ್, ಪರಂಗಿ ಹುಣ್ಣಿನ, ಅಂದರೆ ಸಿಫಿಲಿಸ್‌ನ ಪರೀಕ್ಷೆಯ ಜೊತೆಗೆ ಇದರದೇ ಒಂದು ರಕ್ತಪರೀಕ್ಷೆಗೂ ಕಳಿಸಿದರು. ನಾನು ಎಲ್ಲಕ್ಕೂ ತಲೆಯಾಡಿಸಿದೆ. ಕೊನೆಗೆ, ಕೇಳದಿದ್ದರೂ, ನಾಲ್ಕು ವರ್ಷದಿಂದ ಯಾರೂ ಇಲ್ಲ ಮೇಡಂ ಎಂದೆ. ಗೊತ್ತು, ರಕ್ತ ಹೇಳಲಿ, ಕೂತ್ಕೋ ಎಂದರು.

ರಿಪೋರ್ಟಿಗೆ ಮೂರು ದಿನ. ಅಜ್ಜಂಪುರದ ಬಸ್ಸಿಗೆ ಕಾಯುತ್ತಾ ಫೋನು ಮುಟ್ಟಿ ಮುಟ್ಟಿ ನೋಡಿದೆ. ಎಚ್‌ಐವಿ ಇಲ್ಲ, ಪರಂಗಿ ಇಲ್ಲ. ಹರ್ಪಿಸಿನ ವಿರುದ್ಧ ಮೈ ನಿಧಾನಕ್ಕೆ ಕಟ್ಟಿಕೊಳ್ಳುವ ಪ್ರತಿಕಾಯ ಮಾತ್ರ ರಕ್ತದಲ್ಲಿ ಚೆನ್ನಾಗಿಯೇ ಇತ್ತು. ಹೊಸದಾಗಿ ಅಂಟಿದ್ದರೆ ಗುಳ್ಳೆ ಎದ್ದ ಆರೇ ದಿನಕ್ಕೆ ಇಷ್ಟು ಬರುವುದಿಲ್ಲ, ಇದು ಬಹುಮಟ್ಟಿಗೆ ಹಳೆಯದು, ರಕ್ತ ಕಮ್ಮಿಯಾಗಿ ಮೈ ಸೋತಾಗ ಎದ್ದಿದೆ ಎಂದು ಮೇಡಂ ಫೋನಿನಲ್ಲಿ ವಿವರಿಸಿದರು. ಮರುದಿನ ಲ್ಯಾಬಿನಿಂದ ರಿಪೋರ್ಟು ತಂದೆ, ನನ್ನ ಮಾತಿಗೆ ಒಂದು ಕಾಗದದ ಸಾಕ್ಷಿ ಸಿಕ್ಕಿತು. ಯಾರಿಗೆ ತೋರಿಸಲಿ? ಮಡಚಿ ಪರ್ಸಿನಲ್ಲಿಟ್ಟುಕೊಂಡೆ.

ಎರಡನೆಯ ವಾರದಲ್ಲಿ ಹುಣ್ಣು ಒಣಗಿ, ಮೂರನೆಯದರಲ್ಲಿ ಕಲೆ ಮಾತ್ರ ಉಳಿಯಿತು. ಹಿಮೋಗ್ಲೋಬಿನ್ ಸ್ವಲ್ಪವೇ ಇಳಿದಿತ್ತು. ಅತ್ತೆ ಎಲ್ಲ ಕೀರ್ತಿಯನ್ನೂ ಕೆಮ್ಮಣ್ಣಿಗೆ ಕೊಟ್ಟರು. ಕೊಡಲಿ ಎಂದು ಬಿಟ್ಟೆ.

ಆಪರೇಷನ್ನಿನ ಬೆಳಗ್ಗೆ ಅತ್ತೆ ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಕೂತಿದ್ದರು. ನನ್ನ ಬಳೆ, ಓಲೆ ಬಿಚ್ಚಿಸಿ ತಮ್ಮ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡರು. ಹೆದರಿಕೆಗೆ ಮಾತಾಡುತ್ತಲೇ ಇದ್ದರು. ನೀನಾದರೂ ಹೇಳಿದ ಮಾತು ಕೇಳಿ ಬರೆಸಿಕೊಂಡೆ, ಒಂದೇ ಸಲಕ್ಕೆ ಹೋಯಿತು ಎಂದರು. ಹಾಗೆಂದರೇನು ಅತ್ತೆ ಎಂದು ಕೇಳಿದೆ.

"ನನ್ ಮಗ ಕೇಳ್ತಿರಲಿಲ್ಲ ಕಣೇ. ಅವ್ನಿಗೂ ಬತ್ತಿತ್ತಲ್ಲ ಸರ್ಪಸುತ್ತು, ಎಲ್ಡ್ ಮೂರ್ ಸಲ. ಸೊಂಟದ ಕೆಳ್ಗೆ ಅಂದ. ತೋರ್ಸೋ ಅಂದ್ರೆ ರೇಗೋನು. ಬಚ್ಚಲಾಗೆ ಚಿಲ್ಕ ಹಾಕ್ಕಂಡು ಕೂರೋನು. ಆಗ ಸ್ಟೇಷನ್ ರಸ್ತೇಲಿ ಅಂಗ್ಡಿ ಇಟ್ಟಿದ್ನಲ್ಲ, ನಮ್ ನೆಂಟ, ಅವ್ನತ್ರಾನೇ ಮಾತ್ರೆ ತತ್ತಿದ್ದ. ನಿಂಗೆ ಹೇಳ್ಬ್ಯಾಡ ಅಂತ ತನ್ ತಲೆ ಮುಟ್ಟಿಸ್ಕಂಡು ಆಣೆ ಮಾಡ್ಸಿದ್ದ. ಪಾಪ, ನೀನು ಹೆದರ್ತೀಯ ಅಂತ."

ಸರ್ಪಸುತ್ತು ಹಾಗೆ ಮತ್ತೆ ಮತ್ತೆ ಬರುವುದಿಲ್ಲ. ಅತ್ತೆಗೆ ಅದು ಗೊತ್ತಿಲ್ಲ. ಕಡೂರಿನ ಅಂಗಡಿಯಲ್ಲಿ ಕೇಳಿದ್ದ ಆ ಮತ್ತೆ ಎಂಬ ಮಾತು ಈಗ ಅರ್ಥವಾಯಿತು. ಒಂದೇ ಮನೆಯಲ್ಲಿ, ಒಂದೇ ಬಚ್ಚಲಲ್ಲಿ, ಅವರೂ ನಾನೂ ಅದೇ ಪದದ ಹಿಂದೆ ಅವಿತುಕೊಂಡಿದ್ದೆವು. ಅವರು ಹೇಳಿದ್ದರೆ ನಾನು ಕೊಂದೇಬಿಡುತ್ತಿದ್ದೆ. ಆಮೇಲೆ ಮಾತ್ರೆಯನ್ನೂ ಕೊಡುತ್ತಿದ್ದೆ, ನೀರನ್ನೂ ಕಾಯಿಸಿಡುತ್ತಿದ್ದೆ. ನಾನು ಅದೇ ಕೆಲಸದವಳಲ್ಲವೇ? ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಹೌದಾ ಅತ್ತೆ, ನನಗೆ ಹೇಳಲೇ ಇಲ್ಲ ನೋಡಿ ಎಂದೆ. ಅಷ್ಟರಲ್ಲಿ ಸ್ಟ್ರೆಚರ್ ಬಂತು.

ಥಿಯೇಟರಿನ ಬಾಗಿಲಲ್ಲಿ ನಾನೇ ಕಲಿಸಿದ ಸಿಸ್ಟರ್ ಕೇಸ್‌ಶೀಟ್ ಸಿಕ್ಕಿಸಿದ ಹಲಗೆ ಹಿಡಿದು ನಿಂತಿದ್ದಳು. ನನ್ನನ್ನು ಕೇಳಲು ಅವಳಿಗೆ ಮುಜುಗರ. ಕೇಳು, ಬಿಡಬೇಡ ಎಂದೆ. ಹೆಸರು ಕೇಳಿದಳು, ಹೇಳಿದೆ.

"ಗಂಡನ ಹೆಸರು ಹೇಳಿ ಸಿಸ್ಟರ್."

ಜಗಳದಲ್ಲೂ ಸಲಿಗೆಯಲ್ಲೂ ನಾನು ಹೆಸರು ಹಿಡಿದೇ ಕರೆದ ಮನುಷ್ಯ. ಆ ಹೆಸರಿನ ಹತ್ತಿರ ಬಂದು ನಾನೂ ನಿಂತುಬಿಟ್ಟೆ. ನಾನು ರೇಗಿದ್ದ ಆ ಹಳ್ಳಿಯ ಹೆಂಗಸು ಇದೇ ಜಾಗದಲ್ಲಿ ತಲೆ ತಗ್ಗಿಸಿದ್ದಳು. ಅವಳಿಗೆ ಏನಿತ್ತೋ ನಾನು ಕೇಳಲಿಲ್ಲ. ಶೀಟಿನಲ್ಲಿದೆಯಲ್ಲ, ಬಿಡಿ ಎಂದು ಸಿಸ್ಟರ್ ಮೆಲ್ಲಗೆ ಅಂದಳು.

ಬೇಡ, ನಾನೇ ಹೇಳುತ್ತೇನೆ ಎಂದೆ. ಹೇಳಿದೆ. ಅವಳು ಗುರುತು ಹಾಕಿಕೊಂಡು ಮೂರನೆಯ ಪ್ರಶ್ನೆ ಕೇಳಿದಳು.